ಕಾಯಿಕೊರಕದ ರಕ್ತ ಎಣಿಸುತ್ತಾ

ಕೀಟಗಳ ರಕ್ತ ಎಣಿಸುವುದು ನನ್ನ ಉದ್ಯೋಗ ಎಂದರೆ ಕಲಬುರಗಿಯಲ್ಲಿ ಹೆಚ್ಚಿನವರು ನಗುತ್ತಾರೆ. ಹುಳುವಿಗೆ ರಕ್ತ ಎಲ್ಲಿದೆ ಎನ್ನುತ್ತಾರೆ. ಇದೆ, ಆದರೆ ಕೆಂಪಗಿಲ್ಲ. ಆಮ್ಲಜನಕ ಹೊರುವ ಹೊಣೆ ಅದಕ್ಕಿಲ್ಲವಾದ್ದರಿಂದ ಕೆಂಪಿನ ಅಗತ್ಯವೂ ಇಲ್ಲ. ಗಾಳಿ ಮೈಬದಿಯ ರಂಧ್ರಗಳಿಂದ ಒಳಹೊಕ್ಕು ಸಣ್ಣ ನಾಳಗಳಲ್ಲಿ ನೇರವಾಗಿ ಅಂಗಾಂಶಗಳಿಗೆ ತಲುಪುತ್ತದೆ. ತೊಗರಿಯ ಕಾಯಿಕೊರಕದ ರಕ್ತ ತಿಳಿಹಸಿರು. ಅದರಲ್ಲಿ ತೇಲುವ ಕೋಶಗಳು ಕಾವಲಿನವು. ರೋಗಾಣು ಹೊಕ್ಕರೆ ನುಂಗುತ್ತವೆ, ನುಂಗಲಾಗದಷ್ಟು ದೊಡ್ಡದಾದರೆ ಸುತ್ತುವರಿದು ಕಟ್ಟಿಹಾಕುತ್ತವೆ.

ಈ ಕೀಟವನ್ನೇ ಆರಿಸಿಕೊಳ್ಳಲು ದೊಡ್ಡ ಕಾರಣವೇನೂ ಇರಲಿಲ್ಲ. ತೊಗರಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ರೈತರು ಗಿಡ ಅಲುಗಿಸಿ, ಕೆಳಗೆ ಹಾಸಿದ ತಾಡಪಾಲಿನ ಮೇಲೆ ಕೀಡಿಗಳನ್ನು ಉದುರಿಸುತ್ತಾರೆ. ಕೇಳಿದರೆ ಡಬ್ಬಿ ತುಂಬಿಸಿ ಕೊಡುತ್ತಾರೆ, ಬೇಡವೆಂದರೂ ಕೊಡುತ್ತಾರೆ. ಸಂಶೋಧನೆಗೆ ಇದಕ್ಕಿಂತ ಅಗ್ಗದ ಪ್ರಾಣಿ ಸಿಗದು.

ಆದರೆ ಹೊಲದಿಂದ ತಂದ ಹುಳುವನ್ನು ನಾನು ಎಣಿಕೆಗೆ ಬಳಸುವುದಿಲ್ಲ. ಪೊರೆ ಕಳಚುವ ಮುನ್ನ, ಕಳಚುವಾಗ ಮತ್ತು ಕಳಚಿದ ಮೇಲೆ ರಕ್ತಕೋಶಗಳ ಸಂಖ್ಯೆ ಒಂದೇ ಇರುವುದಿಲ್ಲ. ಹುಳುವಿನ ವಯಸ್ಸು ತಿಳಿಯದೆ ಔಷಧದ ಪರಿಣಾಮ ಅಳೆದರೆ ಅಳೆದದ್ದು ಔಷಧವನ್ನೋ ವಯಸ್ಸನ್ನೋ ಹೇಳಲಾಗದು. ಕ್ರಿಮಿನಾಶಕ ಕೊಟ್ಟೆವು, ಕೋಶಗಳು ಕುಸಿದವು ಎಂಬ ಪ್ರಬಂಧ ನನ್ನ ಮೇಜಿಗೆ ಬಂದರೆ, ಹುಳುವಿನ ವಯಸ್ಸನ್ನು ಗಂಟೆಗಳಲ್ಲಿ ಬರೆದಿದ್ದಾರೆಯೇ ಎಂದು ಮೊದಲು ಹುಡುಕುತ್ತೇನೆ.

ಹಾಗಾಗಿ ನನ್ನ ಹೆಚ್ಚಿನ ಶ್ರಮ ಸಾಕಣೆಗೇ ಹೋಗಿದೆ. ಕಡಲೆ ಹಿಟ್ಟು, ಯೀಸ್ಟ್, ವಿಟಮಿನ್ ಸಿ ಸೇರಿಸಿ ಅಗರ್‌ನಲ್ಲಿ ಗಟ್ಟಿ ಮಾಡಿದ ಆಹಾರ. ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೇ ಹುಳು. ಜೊತೆಗಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಕೋಣೆ 25ರಿಂದ 27 ಡಿಗ್ರಿ ಇರಬೇಕು. ಮೇ ತಿಂಗಳಲ್ಲಿ ಹೊರಗೆ 42 ದಾಟಿ, ಒಳಗೆ ವಿದ್ಯುತ್ ಹೋದರೆ ಆ ತಂಡದ ಹುಳುಗಳನ್ನೇ ಕೈಬಿಡುತ್ತೇವೆ, ಏಕೆಂದರೆ ಶಾಖಕ್ಕೆ ಹುಳು ಬೇಗ ಬಲಿಯುತ್ತದೆ. ಪೊರೆ ಕಳಚುವ ಹೊತ್ತು ಹತ್ತಿರವಾದಾಗ ಹುಳು ಮೇವು ಬಿಡುತ್ತದೆ, ಹಳೆಯ ತಲೆಚಿಪ್ಪು ಮುಂದಕ್ಕೆ ಜಾರಿ ಅದರ ಹಿಂದೆ ಮಾಸಲು ಬಣ್ಣದ ಹೊಸ ತಲೆ ಉಬ್ಬಿ ಕಾಣುತ್ತದೆ. ಆ ಗುರುತು ಕಂಡ ಹುಳುಗಳನ್ನು ಬೇರ್ಪಡಿಸಿ, ಕಳಚಿದ ಕ್ಷಣದಿಂದ ಗಡಿಯಾರ ಹಚ್ಚುತ್ತೇವೆ. ರಾತ್ರಿ ಪಾಳಿಗೆ ವಿದ್ಯಾರ್ಥಿಗಳು ಗೊಣಗುತ್ತಾರೆ. ಗೊಣಗಲಿ.

ರಕ್ತ ತೆಗೆಯುವುದು ಕ್ಷಣದ ಕೆಲಸ. ಹುಳುವನ್ನು ಮಂಜುಗಡ್ಡೆಯ ಮೇಲಿಟ್ಟು ಮಂಕಾಗಿಸಿ, ಹೊಟ್ಟೆಯಡಿಯ ಹುಸಿಗಾಲಿಗೆ ಸೂಕ್ಷ್ಮ ಸೂಜಿ ಚುಚ್ಚಿದರೆ ಹನಿ ಮೂಡುತ್ತದೆ. ಹಾಗೇ ಬಿಟ್ಟರೆ ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಗಾಯ ಮುಚ್ಚಲೆಂದೇ ಇರುವ ಕಿಣ್ವದ ಕೆಲಸ ಅದು. ತಡೆಯಲು ಫೀನೈಲ್ ಥಯೋಯೂರಿಯ ಎಂಬ ರಾಸಾಯನಿಕ ಬೆರೆಸುತ್ತೇವೆ. ಎಣಿಕೆಯಷ್ಟೇ ಸಾಕಾದಾಗ ಹುಳುವನ್ನೇ 60 ಡಿಗ್ರಿ ಬಿಸಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಕೋಶಗಳು ಇದ್ದ ಆಕಾರದಲ್ಲೇ ನಿಲ್ಲುತ್ತವೆ. ಜೀವಂತ ಹನಿ ನೋಡುವ ಸೊಗಸು ಬೇರೆ: ದುಂಡಗಿದ್ದ ಪ್ಲಾಸ್ಮಟೊಸೈಟ್ ಎಂಬ ಕಾವಲು ಕೋಶಗಳು ಗಾಜು ತಾಗಿದ ಕೆಲವೇ ನಿಮಿಷಗಳಲ್ಲಿ ಕಾಲು ಚಾಚಿ ಅಂಟಿಕೊಳ್ಳುತ್ತವೆ, ಪಕ್ಕದಲ್ಲಿ ಗ್ರ್ಯಾನ್ಯುಲೊಸೈಟ್ ಎಂಬ ಇನ್ನೊಂದು ಬಗೆಯ ಕೋಶಗಳು ಹೊಟ್ಟೆ ತುಂಬ ಕಾಳು ಹೊತ್ತು ಕುಳಿತಿರುತ್ತವೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಪ್ರಾಣಿವಿಜ್ಞಾನಿ ಮೆಕ್ನಿಕಾಫ್ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಕಂಡದ್ದೂ ಇಂಥ ಕೋಶಗಳ ಮುತ್ತಿಗೆಯನ್ನೇ. 1908ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ರೋಗನಿರೋಧಕ ಶಕ್ತಿಯ ಪಾಠವನ್ನು ಬೆನ್ನೆಲುಬಿಲ್ಲದ ಪ್ರಾಣಿಯೊಂದು ಕಲಿಸಿತು ಎಂಬುದನ್ನು ವೈದ್ಯ ಗೆಳೆಯರಿಗೆ ಆಗಾಗ ನೆನಪಿಸುತ್ತೇನೆ.

ಹೊಲದ ಹುಳುವನ್ನು ನಂಬದಿರಲು ಎರಡನೆಯ ಕಾರಣವೇ ಈಗ ನನ್ನ ಮುಖ್ಯ ಸಂಶೋಧನೆ. ಕ್ಯಾಂಪೊಲೆಟಿಸ್ ಕ್ಲೋರಿಡಿಯೇ ಎಂಬ ಸಣ್ಣ ಕಣಜ ಎಳೆಯ ಕಾಯಿಕೊರಕದೊಳಗೆ ಮೊಟ್ಟೆ ಇಡುತ್ತದೆ. ಲೆಕ್ಕದ ಪ್ರಕಾರ ಪ್ಲಾಸ್ಮಟೊಸೈಟ್‌ಗಳು ಪದರ ಪದರವಾಗಿ ಮೊಟ್ಟೆಗೆ ಅಂಟಿ ಅದನ್ನು ಉಸಿರುಗಟ್ಟಿಸಬೇಕು. ಹಾಗಾಗುವುದಿಲ್ಲ. ಮೊಟ್ಟೆಯ ಜೊತೆಗೆ ಕಣಜ ಒಂದು ವೈರಸ್ಸನ್ನೂ ಸೇರಿಸುತ್ತದೆ. ಅದು ಕಣಜದ ಅಂಡಾಶಯದಲ್ಲೇ ತಯಾರಾಗುವಂಥದ್ದು, ಕಾಯಿಕೊರಕದ ರಕ್ಷಣೆಯನ್ನು ಕುಗ್ಗಿಸುತ್ತದೆ. ಹೊರಗಿನಿಂದ ಹುಳು ಕೆಲವು ಕಾಲ ಆರೋಗ್ಯವಾಗಿಯೇ ಕಾಣುತ್ತದೆ. ಅಂಥ ಹುಳು ಆರೋಗ್ಯವಂತರ ಗುಂಪಿನಲ್ಲಿ ಸೇರಿಕೊಂಡರೆ ಎಣಿಕೆಯ ಗತಿ ಏನಾದೀತು!

ರಕ್ತ ಎಣಿಸಿ ನಮಗೇನು ಸಿಗುತ್ತದೆ ಎಂದು ಚಿಂಚೋಳಿ ಕಡೆಯ ರೈತರೊಬ್ಬರು ಕೇಳಿದ್ದರು. ಅವರನ್ನು ಇದೇ ಕೀಡಿ ತಿನ್ನುವ ಕಡಲೆಯ ಹೊಲಕ್ಕೆ ಕರೆದೊಯ್ದು ಎಲೆಯ ಮರೆಯ ಕಣಜದ ಪುಟ್ಟ ಬಿಳಿ ಗೂಡು, ಅದರ ಬಳಿ ಒಣಗಿದ ಕೀಡಿಯ ಸಿಪ್ಪೆ ತೋರಿಸಿದೆ. ಕೀಡಿ ದೊಡ್ಡದಾಗಿ ಕಾಯಿ ತಿನ್ನುವ ಮೊದಲೇ ಕಣಜದ ಮರಿ ಅದನ್ನು ಮುಗಿಸಿರುತ್ತದೆ. "ಹಾಗಾದರೆ ತೊಗರಿಯಲ್ಲಿ ಇದು ಯಾಕೆ ಕಾಣುವುದಿಲ್ಲ, ಅಕ್ಕೋರೆ?" ಎಂದರು. ಒಳ್ಳೆಯ ಪ್ರಶ್ನೆ. ತೊಗರಿಯಲ್ಲಿ ಎಳೆಯ ಹುಳು ಹೂವು, ಕಾಯಿಗಳೊಳಗೆ ಅಡಗುತ್ತದೆ, ಕಣಜಕ್ಕೆ ಸುಲಭವಾಗಿ ಎಟುಕುವುದಿಲ್ಲ. ಆದ್ದರಿಂದ ತೊಗರಿಗೆ ಈ ಕಣಜವನ್ನು ನೆಚ್ಚಿ ಕೂರಬೇಡಿ ಎಂದೆ. ಕಡಲೆಯಲ್ಲಿ ಮಾತ್ರ ಔಷಧ ಹೊಡೆಯುವ ಮುನ್ನ ನಾಲ್ಕು ಸಾಲು ನಡೆದು ಗೂಡುಗಳಿವೆಯೇ ನೋಡಿ. ಇದ್ದರೆ ಸ್ಪ್ರೇಯರ್ ಇಳಿಸಿಟ್ಟು, ಕೆಲವು ದಿನ ಬಿಟ್ಟು ಕೀಡಿಗಳನ್ನು ಮತ್ತೆ ಎಣಿಸಿ ನಿರ್ಧರಿಸಿ ಎಂದು ಹೇಳಿದೆ.