ಕೊನೆಯ ದಿನದ ಆರು ಮೈಲು

ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದು, ವೃತ್ತಿಪರ ಕ್ಯಾಪ್ಟನ್ ಇಲ್ಲದೆ ಗೆಳೆಯರೆಲ್ಲ ಸೇರಿ ಏಳು ದಿನ ನಡೆಸಿದ ಪ್ರವಾಸದಲ್ಲಿ ನಾನು ಅತ್ಯಂತ ಎಚ್ಚರದಿಂದ ಯೋಜಿಸಿದ್ದು ಕೊನೆಯ ದಿನವನ್ನು. ಅಂದಿನ ದಾರಿಯೇನೂ ಕಷ್ಟದ್ದಲ್ಲ. ಕೂಪರ್ ದ್ವೀಪದಿಂದ ಟಾರ್ಟೋಲಾ ದ್ವೀಪದ ರೋಡ್ ಟೌನ್‌ಗೆ ಸುಮಾರು ಆರು ನಾಟಿಕಲ್ ಮೈಲು, ಅದೂ ಬೆನ್ನ ಹಿಂದಿನ ಗಾಳಿಯಲ್ಲಿ. ಆದರೆ ಆ ದಿನ ದೋಣಿ ಇನ್ನೂ ನೀರಿನಲ್ಲಿರುವಾಗಲೇ ಎಲ್ಲರ ಮನಸ್ಸು ವಿಮಾನ ಹತ್ತಿ ಕುಳಿತಿರುತ್ತದೆ ಎಂದು ನನಗೆ ತರಬೇತಿ ಕೊಟ್ಟವರು ಹಲವು ಸಲ ಹೇಳಿದ್ದರು.

ನಾವು ಆರು ಜನ: ಎಂಜಿನಿಯರಿಂಗ್ ಕಾಲೇಜಿನ ಮೂವರು ಸಹಪಾಠಿಗಳು ಮತ್ತು ನಮ್ಮ ನಮ್ಮ ಹೆಂಡತಿಯರು. ಅಮೆರಿಕನ್ ಸೇಲಿಂಗ್ ಅಸೋಸಿಯೇಷನ್‌ನ ಬೇರ್‌ಬೋಟ್ (ಕ್ಯಾಪ್ಟನ್ ಇಲ್ಲದೆ ಬಾಡಿಗೆ ದೋಣಿ ನಡೆಸುವ) ಹಂತದವರೆಗಿನ ತರಬೇತಿ ಮುಗಿಸಿದ್ದವನು ನಾನೊಬ್ಬನೇ ಆದ್ದರಿಂದ 42 ಅಡಿಯ ಆ ದೋಣಿಯ ಹೊಣೆ ನನ್ನದಾಗಿತ್ತು. ಹಿಂದಿನ ಸಂಜೆ ಕೂಪರ್ ದ್ವೀಪದ ಮ್ಯಾಂಚಿನೀಲ್ ಕೊಲ್ಲಿಯಲ್ಲಿ, ತಳಕ್ಕೆ ಬಿಗಿದ ತೇಲುಗುಂಡಾದ ಮೂರಿಂಗ್ ಬಾಲ್‌ಗೆ ದೋಣಿಯನ್ನು ಕಟ್ಟಿದ ಮೇಲೆ, ಊಟಕ್ಕೆ ಕೂರುವ ಮೊದಲೇ ಎಲ್ಲರನ್ನೂ ನಕ್ಷೆಯ ಸುತ್ತ ಕರೆದು ಮರುದಿನದ ಕೆಲಸಗಳನ್ನು ಹಂಚಿದೆ. ದೋಣಿಯನ್ನು ಹನ್ನೊಂದೂವರೆಗೆ ಒಪ್ಪಿಸಬೇಕಿತ್ತು. ಅದೇ ಹೊತ್ತಿಗೆ ಮರಳುವ ಇತರ ದೋಣಿಗಳೂ ಡೀಸೆಲ್‌ಗಾಗಿ ಸಾಲುಗಟ್ಟುತ್ತವೆ ಎಂದು ಗೊತ್ತಿದ್ದುದರಿಂದ, ಒಂಬತ್ತೂವರೆಗೆಲ್ಲ ಡೀಸೆಲ್ ತುಂಬಿಸುವ ಕಟ್ಟೆಯನ್ನು ಮುಟ್ಟುವಂತೆ ಲೆಕ್ಕ ಹಾಕಿದೆ.

ಬೆಳಿಗ್ಗೆ ಆರಕ್ಕೆ ಎದ್ದಾಗ ಡಬ್ಬಿಯ ತಳದಲ್ಲಿ ಉಳಿದಿದ್ದ ರವೆಯೆಲ್ಲ ಉಪ್ಪಿಟ್ಟಾಗಿತ್ತು. ಏಳೂಕಾಲಿಗೆ ಹೊರಟೆವು. ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿ, ಹಿಂಭಾಗದ ಕೊಳವೆಯಿಂದ ತಂಪು ಮಾಡುವ ನೀರು ಹೊರಬರುತ್ತಿದೆಯೇ ಎಂದು ಬಗ್ಗಿ ನೋಡುವುದನ್ನು ನಾನು ಏಳು ದಿನಗಳಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ, ಅಂದೂ ಬಿಡಲಿಲ್ಲ.

ಗಾಳಿ ಪೂರ್ವದಿಂದ ಹದಿನೈದು ನಾಟ್‌ಗಿಂತ (ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲು) ತುಸು ಹೆಚ್ಚಿತ್ತು. ಚಳಿಗಾಲದಲ್ಲಿ ಇಲ್ಲಿ ವಾಣಿಜ್ಯ ಮಾರುತಗಳು ದಿನಗಟ್ಟಲೆ ಹೀಗೆಯೇ ಬೀಸುತ್ತವೆ. ದೊಡ್ಡ ಹಾಯಿಯನ್ನು ಏರಿಸೋಣವೆಂದು ಗೆಳೆಯರು ಆಸೆಪಟ್ಟರೂ ನಾನು ಒಪ್ಪಲಿಲ್ಲ. ಗಾಳಿ ನೇರ ಬೆನ್ನಿಗಿರುವಾಗ ಚುಕ್ಕಾಣಿ ಸ್ವಲ್ಪ ತಪ್ಪಿದರೂ ಹಾಯಿಯ ಕೆಳಗಿನ ದೂಲ ಒಂದು ಬದಿಯಿಂದ ಇನ್ನೊಂದು ಬದಿಗೆ ರಭಸದಿಂದ ಬಂದು ತಲೆಗೆ ಬಡಿಯಬಹುದು. ಹೀಗಾಗಿ ಮುಂದಿನ ಹಾಯಿಯೊಂದನ್ನೇ ಬಿಚ್ಚಿ, ಐದು ನಾಟ್ ವೇಗದಲ್ಲಿ ದ್ವೀಪಗಳ ನಡುವಿನ ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್ ಎಂಬ ಕಡಲಹಾದಿಯಲ್ಲಿ ಪಶ್ಚಿಮಕ್ಕೆ ಸಾಗಿದೆವು. ಪ್ರತಿಯೊಬ್ಬರಿಗೂ ಹತ್ತು ಹತ್ತು ನಿಮಿಷ ಚುಕ್ಕಾಣಿ ಸಿಕ್ಕಿತು. ಮೊದಲ ದಿನ ದೋಣಿ ವಾಲಿದಾಗ ಕಂಬಿಯನ್ನು ಬಿಡದೆ ಹಿಡಿದು ಕುಳಿತಿದ್ದ ಗೆಳೆಯನ ಹೆಂಡತಿ ಅಂದು ಬರಿಗಾಲಿನಲ್ಲಿ ನಿಂತು, ಅಲೆ ಹಿಂದಿನಿಂದ ದೋಣಿಯನ್ನು ಎತ್ತುವ ಮೊದಲೇ ಚಕ್ರವನ್ನು ಒಂದಿಷ್ಟು ತಿರುಗಿಸಿ ನೇರವಾಗಿರಿಸುತ್ತಿದ್ದುದನ್ನು ಕಂಡು ನನಗಾದ ಸಂತೋಷ ಸಣ್ಣದಲ್ಲ.

ಎಡಕ್ಕೆ ಸಾಲ್ಟ್ ದ್ವೀಪ ದಾಟಿತು. 1867ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಆರ್‌ಎಂಎಸ್ ರೋನ್ ಎಂಬ ಅಂಚೆ ಹಡಗು, ಪೀಟರ್ ದ್ವೀಪದ ಆಸರೆಯಿಂದ ಹೊರಟು ತೆರೆದ ಕಡಲನ್ನು ಸೇರಲು ಯತ್ನಿಸುತ್ತ, ಈ ದ್ವೀಪದ ಬಂಡೆಗೆ ಬಡಿದು ಒಡೆಯಿತು. ಕಾದ ಬಾಯ್ಲರ್‌ಗಳಿಗೆ ತಣ್ಣೀರು ನುಗ್ಗಿ ಸ್ಫೋಟವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ದಿನ ಮುಂಚೆ ನೀರೊಳಗೆ ನೋಡುವ ಮುಖವಾಡ ತೊಟ್ಟು, ಮುಳುಗಿರುವ ಆ ಹಡಗಿನ ಹಿಂಭಾಗದ ಮೇಲೆ ತೇಲುತ್ತ ಕೆಳಗೆ ನೋಡಿದ್ದೆವು. ಅಂದು ಅದರ ಪಕ್ಕದಲ್ಲಿ ಹಾದುಹೋಗುವಾಗ ಯಾರೂ ಹೆಚ್ಚು ಮಾತನಾಡಲಿಲ್ಲ.

ರೋಡ್ ಟೌನ್ ಹತ್ತಿರವಾದಂತೆ ಮೊಬೈಲ್‌ಗಳು ಒಂದರ ಹಿಂದೆ ಒಂದು ಸದ್ದು ಮಾಡತೊಡಗಿದವು. ಕುಂದಾಪುರದಲ್ಲಿ ಆಗ ಸಂಜೆ ಆರು ಗಂಟೆ ದಾಟಿತ್ತು. ಅಮ್ಮಂದಿರ, ಅಕ್ಕಂದಿರ ಸಂದೇಶಗಳೆಲ್ಲ ಒಟ್ಟಿಗೆ ಬಂದವು. ಇದನ್ನು ನಾನು ಎಣಿಸಿರಲಿಲ್ಲ. ಮುಂಭಾಗದ ಹಗ್ಗ ಹಿಡಿಯಬೇಕಿದ್ದ ಗೆಳೆಯನೂ ತಲೆ ತಗ್ಗಿಸಿ ಪರದೆ ನೋಡುತ್ತಿದ್ದ. ಬಂದರಿನ ಬಾಯಲ್ಲಿ ಗುರುತಿನ ತೇಲುಬುರುಡೆಗಳನ್ನು ಬಿಟ್ಟು ಬೇರೇನನ್ನೂ ನೋಡುವ ಹಾಗಿರಲಿಲ್ಲ. ನಮ್ಮ ಮಂಗಳೂರು ಬಂದರಿಗೆ ಬರುವಾಗ ಕೆಂಪು ಗುರುತು ಎಡಕ್ಕಿರಬೇಕು. ಅಮೆರಿಕ ಖಂಡಗಳ ಪದ್ಧತಿ ಅದಕ್ಕೆ ಪೂರ್ತಿ ವಿರುದ್ಧ, ಇಲ್ಲಿ ಒಳಬರುವಾಗ ಕೆಂಪು ಬಲಕ್ಕಿರಬೇಕು. ಹುಟ್ಟೂರಿನ ರೂಢಿ ಮನಸ್ಸಿನಲ್ಲಿ ಎಷ್ಟು ಆಳವಾಗಿರುತ್ತದೆಂದರೆ, ಪ್ರತಿ ಸಲವೂ ನಾನು ಅದನ್ನು ಬಾಯಿಬಿಟ್ಟು ಹೇಳಿಕೊಂಡೇ ಒಳಗೆ ಬಂದಿದ್ದೇನೆ.

ಹಾಯಿ ಸುತ್ತಿ, ಹಿಂದೆ ಎಳೆದು ತರುತ್ತಿದ್ದ ಡಿಂಗಿ ಎಂಬ ಪುಟ್ಟ ದೋಣಿಯ ಹಗ್ಗವನ್ನು ದೋಣಿಗೆ ತಾಗುವಷ್ಟು ಗಿಡ್ಡ ಮಾಡಿದೆವು. ಉದ್ದ ಬಿಟ್ಟು ರಿವರ್ಸ್ ಹಾಕಿದರೆ ಅದು ನೇರ ಪ್ರೊಪೆಲರ್‌ಗೆ ಸುತ್ತಿಕೊಳ್ಳುತ್ತದೆ. ಕಟ್ಟೆಯ ಮೇಲಿಂದ ಗಾಳಿ ನಮ್ಮತ್ತ ಬೀಸುತ್ತಿತ್ತು, ಎಂದರೆ ದೋಣಿಯನ್ನು ದೂರ ತಳ್ಳುತ್ತಿತ್ತು. ನಾನು ಅಂಜಿ ತೀರಾ ನಿಧಾನವಾಗಿ ಹೋದದ್ದು ಮೊದಲ ತಪ್ಪು. ವೇಗವಿಲ್ಲದ ದೋಣಿಗೆ ಚುಕ್ಕಾಣಿ ಹಿಡಿತ ಕೊಡುವುದಿಲ್ಲ; ಮೂತಿ ಗಾಳಿಗೆ ಸರಿಯಿತು. ಗೆಳೆಯ ಗಡಿಬಿಡಿಯಲ್ಲಿ ಹಗ್ಗ ಎಸೆದ. ಅದು ಕಟ್ಟೆಗೆ ನಾಲ್ಕು ಅಡಿ ಮೊದಲೇ ನೀರಿಗೆ ಬಿತ್ತು. ನಾನು ಕೂಡಲೇ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದೆ. ಅವನು ಹಾರಿಯಾದರೂ ಕಟ್ಟೆ ಸೇರಲು ಕಾಲೆತ್ತಿದ್ದ. "ಹಾರಬೇಡ ಮಾರಾಯ, ಹಗ್ಗ ಎಳ್ಕೋ, ಇನ್ನೊಂದು ಸಲ ಬರುವ!" ಎಂದು ಕೂಗಿದೆ. ಕೆಲವು ಟನ್ ತೂಕದ ದೋಣಿಗೂ ಕಾಂಕ್ರೀಟಿಗೂ ನಡುವೆ ಕಾಲು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಮೊದಲ ದಿನವೇ ಎಲ್ಲರಿಗೂ ವಿವರಿಸಿದ್ದೆ.

ಹಗ್ಗವೆಲ್ಲ ಮೇಲೆ ಬಂದ ಮೇಲೆ ದೊಡ್ಡ ಸುತ್ತು ಹಾಕಿ ತೆರೆದ ನೀರಿಗೆ ಬಂದು ನಿಂತೆವು. ಎಲ್ಲರ ಮೊಬೈಲ್‌ಗಳನ್ನೂ ಉಪ್ಪಿಟ್ಟಿನ ತೊಳೆದ ಬಾಣಲೆಯಲ್ಲಿ ಹಾಕಿಸಿ ಅಡುಗೆಕಟ್ಟೆಯ ಕೆಳಗೆ ಇಟ್ಟೆ. ಎರಡನೆಯ ಸಲ ಮುಂಭಾಗದ ಹಗ್ಗದ ಯೋಚನೆಯನ್ನೇ ಕೈಬಿಟ್ಟು, ದೋಣಿಯ ನಡುಭಾಗದ ಕೊಂಡಿಗೆ ಕಟ್ಟಿದ ಹಗ್ಗವೊಂದನ್ನೇ ಸಿದ್ಧಮಾಡಿದೆವು. ಸ್ವಲ್ಪ ಹೆಚ್ಚು ವೇಗದಲ್ಲಿ, ಓರೆಯಾಗಿ ಬಂದು, ಆ ಹಗ್ಗವನ್ನು ಕಟ್ಟೆಯ ಮೇಲೆ ನಿಂತವರ ಕೈಗೇ ಕೊಟ್ಟೆವು. ಅವರು ಅದನ್ನು ಕಟ್ಟೆಯ ಮೇಲೆ ನಮ್ಮ ಹಿಂಬದಿಗಿದ್ದ ಗೂಟಕ್ಕೆ ಹಾಕಿದರು. ಆಮೇಲೆ ಎಂಜಿನ್ನನ್ನು ಮೆಲ್ಲಗೆ ಫಾರ್ವರ್ಡ್‌ನಲ್ಲಿಟ್ಟು ಚುಕ್ಕಾಣಿಯನ್ನು ಕಟ್ಟೆಯಿಂದ ಆಚೆಗೆ ತಿರುಗಿಸಿದಾಗ, ಹಗ್ಗ ಬಿಗಿದು, ಗಾಳಿ ಎಷ್ಟು ತಳ್ಳಿದರೂ ದೋಣಿ ತಾನಾಗಿ ಕಟ್ಟೆಗೆ ಒರಗಿ ನಿಂತಿತು. ದೋಣಿ ಕಟ್ಟೆಗೆ ಉಜ್ಜದಂತೆ ಬದಿಗೆ ತೂಗುಬಿಟ್ಟಿದ್ದ ಫೆಂಡರ್‌ಗಳು ಕಿರ್ರೆಂದವು. ಉಳಿದ ಹಗ್ಗಗಳನ್ನು ಅವಸರವಿಲ್ಲದೆ ಕಟ್ಟಿದೆವು. ಕಡಿಮೆ ಜನರಿರುವ ದೋಣಿಗೆ ಇದಕ್ಕಿಂತ ಉತ್ತಮ ಉಪಾಯ ನನಗೆ ಗೊತ್ತಿಲ್ಲ; ಮೊದಲ ಸಲವೇ ಇದನ್ನು ಮಾಡಬೇಕಿತ್ತು.

ಡೀಸೆಲ್ 45 ಲೀಟರ್ ಹಿಡಿಯಿತು. ಡೀಸೆಲ್ ಮತ್ತು ಕುಡಿಯುವ ನೀರಿನ ಮುಚ್ಚಳಗಳು ಡೆಕ್ಕಿನ ಮೇಲೆ ನೋಡಲು ಒಂದೇ ತರಹ ಇದ್ದುದರಿಂದ, ಅಕ್ಷರವನ್ನು ಇಬ್ಬರು ಓದಿ ಹೇಳಿದ ಮೇಲೆಯೇ ಕೊಳವೆ ಒಳಗಿಟ್ಟೆವು. ಉಕ್ಕುವ ಹನಿ ಕಡಲಿಗೆ ಬೀಳದಂತೆ ಗಾಳಿಕಿಂಡಿಯ ಬಳಿ ಒಬ್ಬರು ಬಟ್ಟೆ ಹಿಡಿದು ಕುಳಿತಿದ್ದರು. ಅಲ್ಲಿಂದ ಒಪ್ಪಿಸುವ ಜಾಗಕ್ಕೆ ಇನ್ನೂರು ಮೀಟರ್ ಇರಬಹುದು, ಹತ್ತೂವರೆಗೆ ತಲುಪಿದೆವು. ಮುಳುಗುಗಾರನೊಬ್ಬ ಕೆಳಗಿಳಿದು ಚುಕ್ಕಾಣಿಯನ್ನೂ ತಳವನ್ನೂ ಪರೀಕ್ಷಿಸಿ ಹೆಬ್ಬೆರಳು ಎತ್ತಿ ತೋರಿಸಿದ. ಸಾಮಾನುಗಳ ಪಟ್ಟಿಯಲ್ಲಿ ಒಂದು ಮುಖವಾಡ ಮಾತ್ರ ಕಡಿಮೆಯಿತ್ತು. ಅದರ ಹಣ ಕಟ್ಟಿದೆವು.

ಸೇಂಟ್ ಥಾಮಸ್ ದ್ವೀಪಕ್ಕೆ ಹೋಗುವ ಫೆರಿಗೆ ಇನ್ನೂ ಎರಡು ಗಂಟೆಯಿತ್ತು. ಹಗ್ಗ ತಪ್ಪಿಸಿದ್ದ ಗೆಳೆಯ ಕಟ್ಟೆಯ ಕೆಲಸಗಾರರೊಬ್ಬರನ್ನು ಕೇಳಿ ಎಸೆಯುವ ಕ್ರಮ ಕಲಿಯುತ್ತಿದ್ದ. ಸುರುಳಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಬಲಗೈಯಿಂದ ಬೀಸಿ ಎಸೆದು, ಎಡಗೈಯ ಪಾಲನ್ನು ಅದರ ಹಿಂದೆ ಸಲೀಸಾಗಿ ಹರಿಯಬಿಡಬೇಕು. ಚೀಲಗಳನ್ನೆಲ್ಲ ಟ್ಯಾಕ್ಸಿಗೆ ಏರಿಸಿದ ಮೇಲೂ ಅವನು ಬಿಸಿಲಿನಲ್ಲಿ ನಿಂತು ದೂರದ ಗೂಟಕ್ಕೆ ಗುರಿಯಿಟ್ಟು ಎಸೆಯುತ್ತಲೇ ಇದ್ದ.