ಹಸಿರು ಕೆಡದಂತೆ ಗ್ರೀನ್ ಟೀ ಡೋನಟ್

ಉದ್ದಿನ ವಡೆಯ ನಡುವೆ ತೂತು ಏಕೆ ಬೇಕು ಎಂಬುದನ್ನು ಮುಂಬಯಿಯ ಮಾಟುಂಗಾದ ಉಡುಪಿ ಹೋಟೆಲುಗಳ ಅಡುಗೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೂತಿಲ್ಲದ ವಡೆ ಹೊರಗೆ ಕೆಂಪಾಗುವ ಹೊತ್ತಿಗೆ ಒಳಗೆ ಹಸಿಯಾಗಿಯೇ ಉಳಿದಿರುತ್ತದೆ. ಡೋನಟ್‌ಗೆ ತೂತಿರುವುದರಿಂದ ಆಗುವ ಅನುಕೂಲವೂ ಇದೇ. ವ್ಯತ್ಯಾಸವೆಂದರೆ, ಇಲ್ಲಿ ವಿವರಿಸುತ್ತಿರುವ ಡೋನಟ್ ಎಣ್ಣೆಯಲ್ಲಿ ಕರಿದದ್ದಲ್ಲ, ಓವನ್‌ನಲ್ಲಿ ಬೇಯಿಸಿದ್ದು. ಆದ್ದರಿಂದ ಕರಿದ ಡೋನಟ್‌ನ ಗರಿ ಇದರಲ್ಲಿ ಇರುವುದಿಲ್ಲ. ಇದು ಮೃದುವಾದ ಕೇಕಿನ ಜಾತಿಗೆ ಸೇರಿದ್ದು. ಯೀಸ್ಟ್ ಹಾಕಿ ನಾದಿ, ಉಬ್ಬಲು ಬಿಟ್ಟು ಮಾಡುವ ಇನ್ನೊಂದು ಬಗೆಯೂ ಇದೆ, ಆದರೆ ಮೊದಲ ಸಲ ಮಾಡುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಗ್ರೀನ್ ಟೀ ಡೋನಟ್‌ನಲ್ಲಿ ನಿಜವಾದ ಕೆಲಸವಿರುವುದು ಚಹಾದ ಹಸಿರನ್ನೂ ಪರಿಮಳವನ್ನೂ ಕಾಪಾಡಿಕೊಳ್ಳುವುದರಲ್ಲಿ. ಹಿಟ್ಟು ಕಲಸುವುದು, ಬೇಯಿಸುವುದು ಯಾವ ಕೇಕಿಗಿಂತಲೂ ಕಷ್ಟವಲ್ಲ.

ಮೊದಲಿಗೆ ಚಹಾದ ವಿಷಯ. ನಮ್ಮ ಅಂಗಡಿಗಳಲ್ಲಿ ಗ್ರೀನ್ ಟೀ ಎಂದು ಸಿಗುವ ಪೊಟ್ಟಣಗಳ ಎಲೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಹಾಕಿದರೆ ಸಾಲದೇ ಎಂದು ಅನೇಕರು ಕೇಳುತ್ತಾರೆ. ನಾನೂ ಮೊದಲ ಬಾರಿ ಹಾಗೆಯೇ ಮಾಡಿದ್ದೆ. ಡೋನಟ್ ಒಣಗಿದ ಎಲೆಯ ಬಣ್ಣಕ್ಕೆ ತಿರುಗಿತು, ತಿನ್ನುವಾಗ ನಾಲಿಗೆಗೆ ತರಿತರಿಯಾಗಿ ತಾಗಿತು, ಕಹಿ ಉಳಿಯಿತೇ ಹೊರತು ಪರಿಮಳ ಉಳಿಯಲಿಲ್ಲ. ಆ ಎಲೆ ಇರುವುದು ಬಿಸಿನೀರಿನಲ್ಲಿ ಸಾರ ಬಿಟ್ಟ ಮೇಲೆ ಎಸೆಯುವುದಕ್ಕೆ, ಎಲೆಯನ್ನೇ ತಿನ್ನುವುದಕ್ಕಲ್ಲ. ಡೋನಟ್‌ಗೆ ಬೇಕಾದದ್ದು ಜಪಾನಿನ ಮಾಚಾ ಎಂಬ ಪುಡಿ. ಕ್ಯೋಟೋ ಸಮೀಪದ ಉಜಿ, ಐಚಿ ಪ್ರಾಂತ್ಯದ ನಿಶಿಯೊ ಮುಂತಾದ ಕಡೆಗಳಲ್ಲಿ ಕೊಯ್ಲಿಗೆ ಸುಮಾರು ಮೂರು ವಾರ ಮೊದಲಿನಿಂದ ಚಹಾ ಗಿಡಗಳಿಗೆ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ನೆರಳಿನಲ್ಲಿ ಬೆಳೆದ ಎಲೆಯಲ್ಲಿ ಹಸಿರಿನ ಅಂಶವಾದ ಕ್ಲೋರೋಫಿಲ್ ಹೆಚ್ಚುತ್ತದೆ, ಸಿಹಿ ಬೆರೆತ ರುಚಿ ಕೊಡುವ ಥಿಯಾನಿನ್ ಎಂಬ ಅಂಶವೂ ಹೆಚ್ಚು ಉಳಿಯುತ್ತದೆ. ಕೊಯ್ದ ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ದಂಟು ಮತ್ತು ನರಗಳನ್ನು ಬೇರ್ಪಡಿಸಿ, ಉಳಿದ ಭಾಗವನ್ನು ಬೀಸುವ ಕಲ್ಲಿನಲ್ಲಿ ನಿಧಾನವಾಗಿ ಬೀಸಿದರೆ ಟಾಲ್ಕಂ ಪುಡಿಯಷ್ಟು ನುಣುಪಾದ ಮಾಚಾ ಆಗುತ್ತದೆ. ಪುಡಿ ಚಹಾ ಕುಡಿಯುವ ಈ ಪದ್ಧತಿಯನ್ನು ಚೀನಾದಿಂದ 1191ರಲ್ಲಿ ಜಪಾನಿಗೆ ತಂದವನು ಏಸಾಯ್ ಎಂಬ ಬೌದ್ಧ ಭಿಕ್ಷು ಎಂದು ಹೇಳುತ್ತಾರೆ.

ಮುಂಬಯಿಯಲ್ಲಿ ಮಾಚಾ ಈಗ ದೊಡ್ಡ ಕಿರಾಣಿ ಮಳಿಗೆಗಳಲ್ಲೂ ಆನ್‌ಲೈನ್‌ನಲ್ಲೂ ದೊರೆಯುತ್ತದೆ. ಡೋನಟ್ ಅಚ್ಚು, ಐಸಿಂಗ್ ಸಕ್ಕರೆ, ಬಿಳಿ ಚಾಕೊಲೇಟ್ ಮೊದಲಾದವುಗಳನ್ನು ಕ್ರಾಫರ್ಡ್ ಮಾರ್ಕೆಟ್‌ನಲ್ಲಿ ಬೇಕಿಂಗ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಒಟ್ಟಿಗೇ ಕೊಳ್ಳಬಹುದು. ಚಹಾ ಸಮಾರಂಭಕ್ಕೆಂದು ಮಾರುವ ಅತಿ ದುಬಾರಿ ಮಾಚಾ ಬೇಕಿಂಗ್‌ಗೆ ಅನಗತ್ಯ. ಅಡುಗೆಗೆಂದು ಮಾರುವ ದರ್ಜೆಯೇ ಸಾಕು, ಆದರೆ ಅದರ ಬಣ್ಣ ಹೊಸ ಚಿಗುರಿನ ಹಸಿರಾಗಿರಬೇಕು. ಹಳದಿ ಮಿಶ್ರಿತ ಮಂಕು ಹಸಿರು ಕಂಡರೆ ಅದು ಹಳತೆಂದೇ ತಿಳಿಯಬೇಕು. ದೊಡ್ಡ ಪೊಟ್ಟಣ ಅಗ್ಗವೆನಿಸಿದರೂ 30 ಗ್ರಾಂನ ಚಿಕ್ಕ ಡಬ್ಬಿಯನ್ನೇ ತರುವುದು ಲೇಸು. ಬೆಳಕು, ಗಾಳಿ, ಶಾಖ, ತೇವ ಈ ನಾಲ್ಕೂ ಮಾಚಾವನ್ನು ಕೆಡಿಸುತ್ತವೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೂ ನೀರೊಡೆಯುವ ನಮ್ಮ ಊರಿನಲ್ಲಿ ತೇವದ ಭಯ ಎಲ್ಲಕ್ಕಿಂತ ಹೆಚ್ಚು. ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಬೇಕು. ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬಾರದು. ತಣ್ಣನೆಯ ಪುಡಿಯ ಮೇಲೆ ಹೊರಗಿನ ಗಾಳಿಯ ತೇವ ಹನಿಗಟ್ಟಿ ಅದು ಗಂಟಾಗುತ್ತದೆ. ಡಬ್ಬಿ ಕೋಣೆಯ ಶಾಖಕ್ಕೆ ಬರುವ ತನಕ, ಅಂದರೆ ಸುಮಾರು ಅರ್ಧ ಗಂಟೆ, ಕಾಯಬೇಕು.

ಆರು ಡೋನಟ್‌ಗಳಿಗೆ ಮೈದಾ 120 ಗ್ರಾಂ, ಮಾಚಾ 5 ಗ್ರಾಂ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ, ಪುಡಿ ಮಾಡಿದ ಸಕ್ಕರೆ 75 ಗ್ರಾಂ, ಮೊಟ್ಟೆ ಒಂದು, ಹಾಲು 80 ಮಿಲಿಲೀಟರ್, ವಾಸನೆಯಿಲ್ಲದ ಅಡುಗೆ ಎಣ್ಣೆ 40 ಮಿಲಿಲೀಟರ್ ಬೇಕು. ಮಾಚಾ 5 ಗ್ರಾಂ ಎಂದರೆ ಸುಮಾರು ಎರಡೂವರೆ ಟೀ ಚಮಚ. ಆದರೆ ಅಷ್ಟು ಹಗುರವಾದ ಪುಡಿಯನ್ನು ಚಮಚದಲ್ಲಿ ಅಳೆಯುವುದಕ್ಕಿಂತ ಚಿಕ್ಕ ತೂಕದ ಯಂತ್ರದಲ್ಲಿ ತೂಗುವುದನ್ನೇ ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒಂದೆರಡು ಗ್ರಾಂ ಹೆಚ್ಚಾದರೂ ಕಹಿ ಮುಂದೆ ಬರುತ್ತದೆ.

ಮೊಟ್ಟೆ ತಿನ್ನದ ಮನೆಗಳಲ್ಲಿ ಕೇಕಿಗೆ ಮೊಸರು ಮತ್ತು ಅಡುಗೆ ಸೋಡಾ ಹಾಕುವುದು ರೂಢಿ. ಈ ಡೋನಟ್‌ಗೆ ಮಾತ್ರ ಆ ದಾರಿ ಬೇಡ. ಬೀನ್ಸ್ ಪಲ್ಯಕ್ಕೆ ಹುಣಸೆ ರಸವನ್ನು ಮೊದಲೇ ಹಾಕಿ ಬೇಯಿಸಿದರೆ ಬೀನ್ಸ್ ಹೇಗೆ ಕಂದುಗಟ್ಟುತ್ತದೆಯೋ ಹಾಗೆಯೇ ಮೊಸರಿನ ಹುಳಿ ಮಾಚಾದ ಹಸಿರನ್ನೂ ಮಂಕಾಗಿಸುತ್ತದೆ: ಹುಳಿ ಮತ್ತು ಶಾಖ ಸೇರಿದಾಗ ಕ್ಲೋರೋಫಿಲ್‌ನ ನಡುವೆ ಇರುವ ಮೆಗ್ನೀಸಿಯಂ ಕಳಚಿಹೋಗುವುದೇ ಇದಕ್ಕೆ ಕಾರಣ. ಹುಳಿಯನ್ನು ಅಡಗಿಸಲೆಂದು ಸೋಡಾವನ್ನು ಹೆಚ್ಚು ಹಾಕಿದರೂ ಬಣ್ಣ ಉಳಿಯದು, ಕ್ಷಾರ ಹೆಚ್ಚಾದರೆ ಚಹಾದಲ್ಲಿರುವ ಒಗರಿನ ಅಂಶಗಳು ಕಂದಾಗುತ್ತವೆ. ಮೊಟ್ಟೆಗೂ ಸಕ್ಕರೆಗೂ ಬದಲಾಗಿ 150 ಗ್ರಾಂ ಕಂಡೆನ್ಸ್ಡ್ ಮಿಲ್ಕ್, ಎಣ್ಣೆಗೆ ಬದಲಾಗಿ 40 ಗ್ರಾಂ ಕರಗಿಸಿದ ಬೆಣ್ಣೆ ಬಳಸಿ ಹಾಲನ್ನು 70 ಮಿಲಿಲೀಟರ್‌ಗೆ ಇಳಿಸಿದರೆ ಮೊಟ್ಟೆಯಿಲ್ಲದ ಡೋನಟ್ ಮೃದುವಾಗಿಯೇ ಬರುತ್ತದೆ. ಕಂಡೆನ್ಸ್ಡ್ ಮಿಲ್ಕ್ ಬೇಗ ಕೆಂಪಾಗುವುದರಿಂದ ಓವನ್‌ನ ಶಾಖವನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಬದಲು 170ಕ್ಕೆ ಇಡಬೇಕು.

ಹಿಟ್ಟು ಕಲಸುವ ಮೊದಲೇ ಓವನ್ ಅನ್ನು 180 ಡಿಗ್ರಿಗೆ (ಮೊಟ್ಟೆಯಿಲ್ಲದ ಬಗೆಗೆ 170ಕ್ಕೆ) ಹಚ್ಚಬೇಕು. ನಮ್ಮ ಅಡುಗೆಮನೆಗಳ ಪುಟ್ಟ ಓಟಿಜಿಗಳಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ವಿದ್ಯುತ್ ಒಲೆ) ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿಗಳ ಅಂತರವಿರುವುದು ಅಪರೂಪವಲ್ಲ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಮಾಚಾದಂಥ ನಾಜೂಕಿನ ಪದಾರ್ಥಕ್ಕೆ ಬಹಳ ನೆರವಾಗುತ್ತದೆ. ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್‌ಗಳನ್ನು ಹಾಕಿ ಹತ್ತರಿಂದ ಹದಿನೈದು ನಿಮಿಷ ಕಾಯಿಸಬೇಕು. ಆರು ಗುಳಿಗಳ ಅಚ್ಚಿಗೆ, ನಡುವಿನ ಕಂಬಗಳಿಗೂ ಸೇರಿದಂತೆ, ತೆಳ್ಳಗೆ ಬೆಣ್ಣೆ ಸವರಬೇಕು.

ಈಗ ಮೈದಾ, ಮಾಚಾ, ಬೇಕಿಂಗ್ ಪೌಡರ್, ಉಪ್ಪು ಇವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಇದನ್ನು ಬಿಟ್ಟರೆ ಮಾಚಾದ ಪುಟ್ಟ ಗಂಟುಗಳು ಬೆಂದ ಡೋನಟ್‌ನಲ್ಲಿ ಕಡು ಹಸಿರು ಚುಕ್ಕೆಗಳಾಗಿ ನಿಲ್ಲುತ್ತವೆ, ಚುಕ್ಕೆ ಸಿಕ್ಕ ತುತ್ತು ಕಹಿಯಾಗಿರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ ಮತ್ತು ಸಕ್ಕರೆಯನ್ನು ತಿಳಿ ಹಳದಿ ಬಣ್ಣ ಬರುವ ತನಕ ಕಲಕಿ, ಎಣ್ಣೆ, ಆಮೇಲೆ ಹಾಲು ಸೇರಿಸಬೇಕು. ಹಾಲು ಕೋಣೆಯ ಶಾಖದಲ್ಲಿರಲಿ. ಜರಡಿ ಹಿಡಿದ ಹಿಟ್ಟನ್ನು ಇದರ ಮೇಲೆ ಎರಡು ಕಂತಿನಲ್ಲಿ ಹಾಕಿ, ಸ್ಪ್ಯಾಚುಲಾದಿಂದ ತಳದಿಂದ ಮೇಲಕ್ಕೆ ಮಡಚುತ್ತಾ ಬೆರೆಸಬೇಕು. ಒಣ ಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಬೇಕು. ಇಡ್ಲಿ ಹಿಟ್ಟನ್ನು ಕೈಯಿಂದ ಎಷ್ಟು ಚೆನ್ನಾಗಿ ಕಲಸಿದರೆ ಅಷ್ಟು ಒಳ್ಳೆಯದು ಎಂಬ ಅಭ್ಯಾಸ ನಮಗಿದೆ. ಉದ್ದಿನಲ್ಲೂ ಅಕ್ಕಿಯಲ್ಲೂ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಜಿಗುಟು ಪ್ರೋಟೀನ್ ಇಲ್ಲದಿರುವುದರಿಂದ ಅಲ್ಲಿ ಅದು ಸರಿ. ಮೈದಾದಲ್ಲಿ ಗ್ಲುಟೆನ್ ಇದೆ, ಕಲಸಿದಷ್ಟೂ ಅದು ಬಲೆಯಂತೆ ಬಿಗಿಯಾಗಿ ಡೋನಟ್ ರಬ್ಬರಿನಂತೆ ಜಗ್ಗುತ್ತದೆ. ಸಿದ್ಧವಾದ ಹಿಟ್ಟು ಇಡ್ಲಿ ಹಿಟ್ಟಿನ ಹದದಲ್ಲಿ, ಚಮಚದಿಂದ ದಪ್ಪಗೆ ಜಾರುವಂತಿರಬೇಕು.

ಹಿಟ್ಟನ್ನು ಚಮಚದಿಂದ ಅಚ್ಚಿಗೆ ಹಾಕಿದರೆ ಕಂಬದ ಮೇಲೆಲ್ಲ ಬಿದ್ದು ತೂತು ಮುಚ್ಚಿಹೋಗುತ್ತದೆ. ಗಟ್ಟಿಯಾದ ಪ್ಲಾಸ್ಟಿಕ್ ಚೀಲಕ್ಕೆ ಹಿಟ್ಟನ್ನು ತುಂಬಿಸಿ, ಒಂದು ಮೂಲೆಯನ್ನು ಬೆರಳಿನ ಅಗಲಕ್ಕೆ ಕತ್ತರಿಸಿ, ಮೆಹಂದಿ ಕೋನ್ ಹಿಡಿದಂತೆ ಹಿಡಿದು ಸುತ್ತಲೂ ಹಿಂಡಬೇಕು. ಪ್ರತಿ ಗುಳಿಯ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಲಿ.

ಅಚ್ಚನ್ನು ಓವನ್‌ನ ನಡುವಿನ ಅಂತಸ್ತಿನಲ್ಲಿಟ್ಟು ಒಂಬತ್ತರಿಂದ ಹನ್ನೊಂದು ನಿಮಿಷ ಬೇಯಿಸಬೇಕು. ತೇವವಿರುವ ತನಕ ಡೋನಟ್‌ನ ಒಳಗಿನ ಶಾಖ ನೂರು ಡಿಗ್ರಿ ದಾಟುವುದಿಲ್ಲ, ಆದ್ದರಿಂದ ಒಳಭಾಗದ ಹಸಿರು ಬಹುಮಟ್ಟಿಗೆ ಉಳಿಯುತ್ತದೆ. ಒಣಗಿ ಕಾಯುವ ಹೊರಪದರವೇ ಮೊದಲು ಕಂದಾಗುವುದು. ಆರನೆಯ ನಿಮಿಷಕ್ಕೆ ಮೇಲ್ಮೈ ಬಣ್ಣಗೆಡುವ ಸೂಚನೆ ಕಂಡರೆ ಅಲ್ಯೂಮಿನಿಯಂ ಫಾಯಿಲ್ ಹಾಳೆಯನ್ನು ಮೇಲಿನಿಂದ ಸಡಿಲವಾಗಿ ಹೊದಿಸಬಹುದು. ಒಂಬತ್ತನೆಯ ನಿಮಿಷದಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು: ಒತ್ತಿದ ಗುಳಿ ಮೇಲೆದ್ದು ಬಂದರೆ, ಚುಚ್ಚಿದ ಹಲ್ಲುಕಡ್ಡಿಗೆ ಹಿಟ್ಟು ಅಂಟದಿದ್ದರೆ ಅದು ಬೆಂದಿದೆ. ಕೆಂಪಾಗಲಿ ಎಂದು ಕಾಯಬಾರದು. ಅಚ್ಚಿನಲ್ಲೇ ಐದು ನಿಮಿಷ ಬಿಟ್ಟು, ತಂತಿ ಜಾಲರಿಯ ಮೇಲೆ ಮಗುಚಿ ಪೂರ್ತಿ ಆರಿಸಬೇಕು. ಅಚ್ಚಿನಲ್ಲೇ ಉಳಿದರೆ ತಳ ಬೆವರಿ ಒದ್ದೆಯಾಗುತ್ತದೆ.

ಮೇಲೆ ಬಳಿಯುವ ಗ್ಲೇಜ್‌ಗೆ 80 ಗ್ರಾಂ ಐಸಿಂಗ್ ಸಕ್ಕರೆ, ಒಂದು ಟೀ ಚಮಚ ಮಾಚಾ, ಮೂರು ನಾಲ್ಕು ಟೀ ಚಮಚ ಹಾಲು ಸಾಕು. ಇದು ಬೇಯುವುದಿಲ್ಲವಾದ್ದರಿಂದ ಮಾಚಾದ ನಿಜವಾದ ಬಣ್ಣ ಇಲ್ಲಿಯೇ ಕಾಣುವುದು. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸಕ್ಕರೆಯ ಗ್ಲೇಜ್ ಮುಂಬಯಿಯ ಗಾಳಿಯಲ್ಲಿ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಆ ತಿಂಗಳುಗಳಲ್ಲಿ ನಾನು 100 ಗ್ರಾಂ ಬಿಳಿ ಕಾಂಪೌಂಡ್ ಚಾಕೊಲೇಟ್ ಬಳಸುತ್ತೇನೆ. ಅದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ ಕರಗಿಸಿ, ಒಂದು ಟೀ ಚಮಚ ಎಣ್ಣೆಯಲ್ಲಿ ಕದಡಿದ ಒಂದು ಟೀ ಚಮಚ ಮಾಚಾವನ್ನು ಸೇರಿಸಿ, ಡೋನಟ್‌ನ ಮುಖವನ್ನು ಅದರಲ್ಲಿ ಅದ್ದಿ ತೆಗೆದರೆ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗುತ್ತದೆ. ಕರಗಿದ ಚಾಕೊಲೇಟ್‌ಗೆ ನೀರಿನ ಹನಿ ಬೀಳಬಾರದು. ಒಂದೇ ಹನಿಗೂ ಅದು ಗರಣೆಗಟ್ಟಿ ಹಾಳಾಗಬಹುದು. ಬಿಳಿ ಚಾಕೊಲೇಟ್‌ನ ಅತಿ ಸಿಹಿಗೂ ಮಾಚಾದ ಒಗರಿಗೂ ಹೊಂದಿಕೆ ಬಹಳ ಚೆನ್ನಾಗಿದೆ, ಹೀಗಾಗಿ ಮಳೆಗಾಲ ಮುಗಿದ ಮೇಲೂ ನಮ್ಮ ಮನೆಯಲ್ಲಿ ಇದಕ್ಕೇ ಬೇಡಿಕೆ. ಮೇಲೆ ಹುರಿದ ಎಳ್ಳು ಉದುರಿಸಿದರೆ ಇನ್ನೂ ಸೊಗಸು.

ಡೋನಟ್ ಮಾಡಿದ ದಿನವೇ ತಿಂದರೆ ಉತ್ತಮ. ಮಾಚಾದಲ್ಲಿ ಕೆಫೀನ್ ಇರುವುದರಿಂದ ಮಕ್ಕಳಿಗೆ ರಾತ್ರಿ ಊಟದ ನಂತರ ಕೊಡದೆ ಸಂಜೆಯ ತಿಂಡಿಗೆ ಕೊಡುವುದು ಒಳ್ಳೆಯದು. ಉಳಿದವನ್ನು ಬಿಸಿಲು ಬೀಳುವ ಮೇಜಿನ ಮೇಲಿಡದೆ ಮುಚ್ಚಿದ ಡಬ್ಬಿಯಲ್ಲಿ ಕತ್ತಲೆಯ ಜಾಗದಲ್ಲಿಟ್ಟರೆ ಮರುದಿನದ ತನಕ ಬಣ್ಣ ನಿಲ್ಲುತ್ತದೆ. ಇನ್ನೂ ಹೆಚ್ಚು ದಿನ ಇಡಬೇಕಾದರೆ ಗ್ಲೇಜ್ ಹಾಕದೆಯೇ ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಡಬೇಕು. ಬೇಕೆನಿಸಿದಾಗ ಹೊರತೆಗೆದು, ಸುತ್ತಿದ ಹಾಳೆ ಬಿಚ್ಚದೆ ಒಂದು ಗಂಟೆ ಬಿಟ್ಟು, ಆಮೇಲೆ ಗ್ಲೇಜ್‌ನಲ್ಲಿ ಅದ್ದಿದರಾಯಿತು.