ಟಾರ್ಚ್ ಹಿಡಿದು ಹೂವಿನ ಹತ್ತಿರ ಹೋಗಿ

ಪತಂಗ ನೋಡಬೇಕಾದರೆ ಬಿಳಿ ಬಟ್ಟೆ ಕಟ್ಟಿ ಬಲ್ಬ್ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಶುರು ಮಾಡಿದೆ. ಬಟ್ಟೆಗೆ ಏನೇನೋ ಬಂತು. ಆದರೆ ಅವು ಯಾವ ಹೂವಿಗೆ ಹೊರಟಿದ್ದವು ಅನ್ನೋದು ಮಾತ್ರ ತಿಳಿಯಲಿಲ್ಲ. ಈಗ ನನ್ನದು ಮೊದಲು ಹೂವು, ಆಮೇಲೆ ಬಟ್ಟೆ.

ಬೆಳಗಿನ ಸುತ್ತು

ಚಳಿಗಾಲ ಮುಗಿಯುವ ಹೊತ್ತಿಗೆ ದಿನಾ ಬೆಳಿಗ್ಗೆ ತೋಟದಲ್ಲಿ ಒಂದು ಸುತ್ತು ಹಾಕಿ. ಮೊಗ್ಗು ಕಂಡ ರೆಂಬೆಗೆ ಬಣ್ಣದ ದಾರ ಕಟ್ಟಿ, ತಾರೀಕು ಬರೆದಿಡಿ. ನೆನಪಿರುತ್ತೆ ಬಿಡು ಅಂದುಕೊಂಡರೆ ಖಂಡಿತ ಮರೆಯುತ್ತೀರಿ. ಕಳೆ ಕೀಳುವುದನ್ನು ಸ್ವಲ್ಪ ದಿನ ಮುಂದೂಡಿ. ಎಷ್ಟೋ ಸಲ ಮೊದಲು ಹೂ ಬಿಡುವುದೇ ಅವು.

ಬಿಳಿ ಅಥವಾ ತಿಳಿ ಬಣ್ಣ, ಸಂಜೆ ಮೇಲೆ ಜಾಸ್ತಿಯಾಗುವ ಪರಿಮಳ, ಉದ್ದನೆಯ ಕೊಳವೆ. ಮೂರೂ ಒಂದೇ ಹೂವಿನಲ್ಲಿದ್ದರೆ ಅಲ್ಲಿಗೆ ಪತಂಗ ಬರುವ ಸಾಧ್ಯತೆ ಹೆಚ್ಚು. ಮಲ್ಲಿಗೆ ಜಾತಿಯವು ಹೀಗೇ. 1862ರಲ್ಲಿ ಡಾರ್ವಿನ್ ಮಡಗಾಸ್ಕರ್‌ನ ಒಂದು ಆರ್ಕಿಡ್ ಹೂವಿನ ಸುಮಾರು ಒಂದಡಿ ಉದ್ದದ ಕೊಳವೆ ನೋಡಿ, ಅಷ್ಟೇ ಉದ್ದ ಸೊಂಡಿಲಿನ ಪತಂಗ ಇರಲೇಬೇಕು ಎಂದಿದ್ದರು. ಅಂಥ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟದ್ದು 1903ರಲ್ಲಿ, ಡಾರ್ವಿನ್ ತೀರಿಕೊಂಡು 21 ವರ್ಷದ ಮೇಲೆ.

ಮಲ್ಲಿಗೆ ಮೊಗ್ಗಿನಲ್ಲಿ ತೂತು ಕಂಡಿತಾ? ನೇರಳೆ ಬಣ್ಣಕ್ಕೆ ತಿರುಗಿದೆಯಾ? ಮೊಗ್ಗು ಕೊರಕ ಇರಬೇಕು. ಬೈದುಕೊಳ್ಳಿ, ಆದರೆ ಪುಸ್ತಕದಲ್ಲಿ ಬರೆದುಕೊಳ್ಳಿ. ಅದೂ ಪತಂಗದ ಮರಿಯೇ ಅಲ್ವಾ.

ಸಂಜೆಯ ಕಾವಲು

ಗಾಳಿ ಇಲ್ಲದ, ಮೋಡ ಕವಿದ, ಸ್ವಲ್ಪ ಸೆಕೆಯ ರಾತ್ರಿ ಒಳ್ಳೆಯದು. ಹುಣ್ಣಿಮೆ ಬೇಡ. ಟಾರ್ಚಿಗೆ ಕೆಂಪು ಪಾರದರ್ಶಕ ಹಾಳೆ ಸುತ್ತಿ. ಬಹಳಷ್ಟು ಪತಂಗಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಕತ್ತಲಾಗುವ ಅರ್ಧ ಗಂಟೆ ಮೊದಲೇ ದಾರ ಕಟ್ಟಿದ ಗಿಡದ ಹತ್ತಿರ ಸುಮ್ನೆ ಕೂತುಬಿಡಿ. ಮುಸ್ಸಂಜೆಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಹಾಕ್ ಮಾತ್ ಎಂಬ ಬಗೆಯ ಪತಂಗ. ಹೂವಿನ ಮೇಲೆ ಕೂರದೆ, ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ. ಎಲೆಯ ಮೇಲೆ ಕೂತು ಗಡಗಡ ನಡುಗುತ್ತಿರುವ ಪತಂಗ ಕಂಡರೆ ಕಾಯಿಲೆ ಅಂದುಕೊಳ್ಳಬೇಡಿ. ಹಾರುವ ಮೊದಲು ಸ್ನಾಯು ಬಿಸಿ ಮಾಡಿಕೊಳ್ಳುತ್ತಿದೆ ಅಷ್ಟೇ.

ಈಗ ಬಟ್ಟೆ

ರೇಷ್ಮೆ ಪತಂಗದಂಥವು ಹೂವಿಗೆ ಬರುವುದೇ ಇಲ್ಲ. ದೊಡ್ಡದಾದ ಮೇಲೆ ಅವು ಏನನ್ನೂ ತಿನ್ನುವುದಿಲ್ಲ. ಅಂಥವನ್ನು ನೋಡಲು ಬಟ್ಟೆಯೇ ಬೇಕು. ಹಗ್ಗದ ಮೇಲೆ ಬಿಳಿ ಹತ್ತಿ ಬಟ್ಟೆ ಇಳಿಬಿಟ್ಟು, ಮುಂದೆ ಬಿಳಿ ಬಲ್ಬ್ ಇಡಿ. ನೇರಳಾತೀತ ದೀಪ ಇದ್ದರೆ ಇನ್ನೂ ಒಳ್ಳೆಯದು. ಹಳದಿ ಬಲ್ಬಿಗೆ ಕಡಿಮೆ ಬರುತ್ತವೆ.

ಅವು ದೀಪದ ಸುತ್ತ ಯಾಕೆ ಸುತ್ತುತ್ತವೆ? ಹೈಸ್ಪೀಡ್ ಕ್ಯಾಮೆರಾ ಬಳಸಿ ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಹೇಳುತ್ತದೆ: ಕೀಟಗಳು ಬೆಳಕಿನ ಕಡೆಗೆ ಬೆನ್ನು ಮಾಡಿ ಹಾರುತ್ತವೆ. ಆಕಾಶವೇ ಹೆಚ್ಚು ಬೆಳಕಿನ ಜಾಗವಾಗಿದ್ದಾಗ ಇದು ಸರಿ. ಪಕ್ಕದಲ್ಲಿ ಬಲ್ಬ್ ಇದ್ದರೆ ಅತ್ತ ಬೆನ್ನು ತಿರುಗಿಸಿ ತಿರುಗಿಸಿ ಅಲ್ಲೇ ಸಿಕ್ಕಿಬೀಳುತ್ತವೆ. ಹಾಗಾಗಿ ಒಂದೆರಡು ಗಂಟೆಯಲ್ಲಿ ದೀಪ ಆರಿಸಿ. ಬಟ್ಟೆಯನ್ನು ಪೊದೆಯ ಬಳಿ ಮೆಲ್ಲಗೆ ಕೊಡವಿ. ಇಲ್ಲದಿದ್ದರೆ ಬೆಳಿಗ್ಗೆ ಹಕ್ಕಿಗಳಿಗೆ ಹಬ್ಬ.

ಹೆಸರು ಹುಡುಕುವುದು ಆಮೇಲಿನ ಮಾತು. ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದಿಡಿ. ಮೀಸೆ ನೋಡಿ: ಚಿಟ್ಟೆಯದು ತುದಿಯಲ್ಲಿ ಗುಂಡು, ಪತಂಗದ್ದು ಸಾಮಾನ್ಯವಾಗಿ ದಾರದಂತೆ ಅಥವಾ ಗರಿಯಂತೆ.

ರಾತ್ರಿ ಏನೂ ಸಿಗಲಿಲ್ಲವೇ? ಬೆಳಿಗ್ಗೆ ನಂದಿಬಟ್ಟಲು ಅಥವಾ ಕಣಗಿಲೆ ಗಿಡದ ಬುಡ ನೋಡಿ. ಕಾಳಿನ ಗಾತ್ರದ ಕಪ್ಪು ಹಿಕ್ಕೆ ಬಿದ್ದಿದ್ದರೆ ನೇರ ಮೇಲಿನ ರೆಂಬೆ ಹುಡುಕಿ. ಮುಂದುಗಡೆ ಎರಡು ನೀಲಿ ಕಣ್ಣಿನ ಮಚ್ಚೆ, ಹಿಂದೆ ಚಿಕ್ಕ ಕೊಂಬು ಇರುವ ದಪ್ಪ ಹಸಿರು ಹುಳ ಇರಬಹುದು. ಕಣಗಿಲೆ ಹಾಕ್ ಮಾತ್‌ನ ಮರಿ ಅದು. ನಾಲ್ಕು ಎಲೆ ಹೋದರೆ ಹೋಗಲಿ. ಬುಡದ ತರಗೆಲೆಯನ್ನೂ ಗುಡಿಸಬೇಡಿ. ಅದು ಇಳಿದು ಬಂದು ಕೋಶ ಕಟ್ಟುವುದು ಅಲ್ಲೇ.